ನಾಳೆಯೇ ಕೊಡಬೇಕಂತೆ

ಎರಡನೇ ಪೀರಿಯಡ್ಡು ಮುಗಿಯುವ ಹೊತ್ತು.
ಕಿಟಕಿಯಿಂದಲೇ ವಾರಿಜಾ ಮೇಡಂ ಅಂದರು:
'ಎಂಟನೇ ಬಿ ಕಳಿಸ್ತಿದೀನಿ. ಪ್ರಾಜೆಕ್ಟು.
ಬೆಂಗಳೂರಿನ ಕೆರೆಗಳು. ನಾಳೆಯೇ ಕೊಡಬೇಕು.
ಏನಾದ್ರೂ ಮಾಡಿ.'
ಹೋದ ಸಲವೂ ಇದೇ ಕಿಟಕಿ, ಇದೇ ಏನಾದ್ರೂ ಮಾಡಿ.
ಅವರ ಗಲ್ಲಕ್ಕೆ ಚಾಕ್‌ಪೀಸಿನ ಪುಡಿ ಅಂಟಿತ್ತು.
ಹೇಳೋಣವೆಂದುಕೊಂಡೆ, ಹೇಳಲಿಲ್ಲ.

ನಲವತ್ತೆರಡು ಮಕ್ಕಳು. ಹದಿನೆಂಟು ಕುರ್ಚಿ.
ಕೆರೆಯ ಪುಸ್ತಕ ಮೂರು:
ಒಂದು ಬೈಂಡಿಂಗಿಗೆ ಹೋದದ್ದು ಶಿವರಾತ್ರಿಯಿಂದ ಬಂದಿಲ್ಲ,
ಒಂದು ಹೆಡ್‌ಮಿಸ್ ಮೇಜಿನ ಮೇಲೆ, ಟೀ ಲೋಟದ ಕೆಳಗೆ,
ಇನ್ನೊಂದರ ನಡುವಿನ ಹತ್ತು ಪುಟ
ಯಾರೋ ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿ
ಯಾವುದೋ ವರ್ಷದ ಪ್ರಾಜೆಕ್ಟಿಗೆ ಅಂಟಿಸಿದ್ದಾರೆ.
ಅದೂ ನಾಳೆಯೇ ಕೊಡಬೇಕಾಗಿದ್ದಿರಬೇಕು, ಪಾಪ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು
ನಮ್ಮಜ್ಜಿ ಬಾಯ್ತುಂಬ ಬೈಯುತ್ತಿದ್ದಳು.
ಹದಿನಾಲ್ಕು ವರ್ಷದಿಂದ ನಾನು ಆ ಬಾವಿಯ ಹಾರೆ.

ಬುದ್ಧಿ ಕಲಿತಿಲ್ಲವೆಂದಲ್ಲ.
ಊಟದ ಬಿಡುವಿನಲ್ಲಿ ಕಾರಿಡಾರು ಸುತ್ತಿ
ಯಾರ ಬೋರ್ಡಿನ ಮೇಲೆ ಯಾವ ಪಾಠ ಅಂತ
ಕಳ್ಳಿಯ ಹಾಗೆ ಇಣುಕಿ ಬರುತ್ತೇನೆ.
ಜುಲೈ ಎರಡನೇ ವಾರ ಸೌರಮಂಡಲ,
ದಸರಾ ರಜಕ್ಕೆ ಮುಂಚೆ ಸ್ವಾತಂತ್ರ್ಯ ಹೋರಾಟ, ಖಂಡಿತ.
ಬೂಟಿನ ಡಬ್ಬಿಗಳಲ್ಲಿ ಹಳೇ ಪೇಪರಿನ ತುಣುಕು ತುಂಬಿ
ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದಿಡುತ್ತೇನೆ.
ಈ ತಿಂಗಳು ಜ್ವಾಲಾಮುಖಿ ಎಂದು ಲೆಕ್ಕ ಹಾಕಿ
ಎರಡು ಭಾನುವಾರ ಕೂತಿದ್ದೆ: ಲಾವಾ, ಬೂದಿ,
ಹಲಸಿನ ಹಣ್ಣಿನಂತೆ ಸೀಳಿದ ಒಂದು ಪರ್ವತ.
ಬಂದದ್ದು ಕೆರೆ.

ಮೊದಲು ಸದ್ದು ಬಂತು, ಆಮೇಲೆ ಮಕ್ಕಳು.
'ಮಿಸ್ ಗೂಗಲ್ ಮಾಡ್ಲಾ?' 'ಮಿಸ್ ಪ್ರಿಂಟರ್ ಇದ್ಯಾ?'
'ಮಿಸ್ ಚಾರ್ಟು ನೀಲಿನೋ ಹಸಿರೋ?'
ಇದ್ದೊಂದು ಕಂಪ್ಯೂಟರ್ ಅಪ್‌ಡೇಟ್ ಆಗುತ್ತಾ ಕೂತಿತ್ತು,
ನೂರಕ್ಕೆ ಹನ್ನೊಂದು.

ಲೈಬ್ರರಿಯವಳು ಮಾಡಬಾರದ್ದು ಮಾಡಿದೆ.
ಪುಸ್ತಕದ ಹೊಲಿಗೆ ಬಿಚ್ಚಿ
ಉಳಿದ ಹಾಳೆಗಳನ್ನು ಚರುಪಿನ ಹಾಗೆ ಹಂಚಿದೆ.
ಸಿಗದವರಿಗೆ ಗೋಡೆಯ ಬಸ್ಸಿನ ನಕ್ಷೆ ಇಳಿಸಿ, ನೆಲಕ್ಕೆ ಹಾಸಿ,
ಹೆಸರಲ್ಲಿ ನೀರಿರುವ ಸ್ಟಾಪು ಹುಡುಕಿ ಎಂದೆ.
ಅರಕೆರೆ, ಅಂದಿತು ಒಂದು ಬೆರಳು.
'ಕುಂಟೆ ಅಂದ್ರೂ ನೀರೇ ಅಲ್ವಾ ಮಿಸ್, ಕೋಣನಕುಂಟೆ?'
ಜಬೀನಾ ಕೇಳಿದ್ದು; ನನಗೆ ಹೊಳೆದೇ ಇರಲಿಲ್ಲ.
'ಮತ್ತಿಕೆರೆ!' ಎಂದು ಕೂಗಿದ ಮುನಿಚಂದ್ರ
ತಟ್ಟನೆ ದನಿ ತಗ್ಗಿಸಿ,
'ಮಿಸ್, ಅದು ನಮ್ಮದೇ ಅಲ್ವಾ' ಎಂದ.
ಎಲ್ಲರೂ ಕಿಟಕಿಯಾಚೆ ನೋಡಿದರು.
ಟ್ಯಾಂಕರು ಶಾಲೆಯ ಸಂಪಿಗೆ ನೀರು ಬಿಡುತ್ತಿತ್ತು.

ಗಂಟೆ. ಹಾಳೆಗಳು ವಾಪಸ್ಸು ಬಂದವು, ಎರಡು ಕಮ್ಮಿ.

ಮರುದಿನ ಸ್ಟಾಫ್‌ರೂಮಿನಲ್ಲಿ ನಲವತ್ತೆರಡು ಚಾರ್ಟು,
ಮೂವತ್ತರ ಮೇಲೆ ಸ್ಟೇಷನರಿ ಅಂಗಡಿಯ ಅದೇ ಐದು ರೂಪಾಯಿ ಕೊಕ್ಕರೆ.
ಜಗಳ ಆಡಲೆಂದೇ ಹೋಗಿದ್ದೆ, ಕೈಯಲ್ಲಿ ನನ್ನ ಗುಲಾಬಿ ಚೀಟಿ:
'ದಯವಿಟ್ಟು ಎರಡು ವಾರ ಮುಂಚಿತವಾಗಿ ತಿಳಿಸಿ.'
ನೂರು ಅಚ್ಚು ಹಾಕಿಸಿದ್ದೆ. ತೊಂಬತ್ತೇಳು ಉಳಿದಿವೆ.
ವಾರಿಜಾ ಮೇಡಂ ಮತದಾರರ ಪಟ್ಟಿಯ ಮೇಲೆ ಟಿಫಿನ್ ಡಬ್ಬಿ ಇಟ್ಟು
ತಣ್ಣಗಾದ ಚಿತ್ರಾನ್ನ ತಿನ್ನುತ್ತಿದ್ದರು.
'ನಂಗೂ ರಾತ್ರಿ ಹತ್ತೂವರೆಗೆ ಮೇಲಿಂದ ಮೆಸೇಜು ಕಣ್ರೀ' ಎಂದರು.
ನಾನು ಚೀಟಿ ಕೊಟ್ಟೆ, ಆದರೂ ಕೊಟ್ಟೆ.
ಪಟ್ಟಿಯಲ್ಲಿ ಎಲ್ಲಿಗೆ ಬಂದಿದ್ದೆ ಅಂತ ಗುರುತಿಗೆ ಇಟ್ಟುಕೊಂಡರು.
ಈಗ ತೊಂಬತ್ತಾರು.

ಶನಿವಾರ, ಅರ್ಧ ದಿನ. ಬೀಗ ಹಾಕುವಾಗ ಮುನಿಚಂದ್ರ.
ಚೀಲದೊಳಗೆ, ಗಣಿತದ ಪುಸ್ತಕದ ನಡುವೆ,
ಆ ಎರಡು ಹಾಳೆ.
'ಕೊಟ್ಟೆಯಲ್ಲೋ ಪ್ರಾಜೆಕ್ಟು, ಮುಗೀತಲ್ಲ?'
'ಪ್ರಾಜೆಕ್ಟ್ ಮುಗೀತು ಮಿಸ್. ಓದಿ ಮುಗಿದಿಲ್ಲ.
ಮಿಕ್ಕಿದ್ದೂ ಕೊಡ್ತೀರಾ?'

ಬೀಗ ತೆಗೆದೆ.
ಬಿಚ್ಚಿದ್ದನ್ನೆಲ್ಲ ಒಟ್ಟು ಮಾಡಿ, ಟ್ವೈನ್ ದಾರ ಕಟ್ಟಿ, ಸೀಲು ಹುಡುಕಿದೆ.
'ಯಾವಾಗ ವಾಪಸ್ ಕೊಡಬೇಕು ಮಿಸ್?'
ಸೀಲಿನ ತಾರೀಖು ತಿರುಗಿಸುತ್ತಾ ತಿರುಗಿಸುತ್ತಾ
ಮುಂದಿನ ತಿಂಗಳಿಗೆ ದಾಟಿಬಿಟ್ಟೆ.